ಮುಚ್ಚಿದ ಲಕೋಟೆಯೋ, ಮತಪೆಟ್ಟಿಗೆಯೋ?

ಪ್ರಶ್ನೆ: ಪಕ್ಷದ ನಾಯಕನನ್ನು ಕಾರ್ಯಕರ್ತರೇ ಮತ ಹಾಕಿ ಆರಿಸಬೇಕೇ?

ಪರ

2021ರ ಜುಲೈ 27ರಂದು ಬಸವರಾಜ ಬೊಮ್ಮಾಯಿ ಬಿಜೆಪಿ ಶಾಸಕಾಂಗ ಪಕ್ಷದ, ಅಂದರೆ ಪಕ್ಷದ ಶಾಸಕರ ಗುಂಪಿನ, ನಾಯಕರಾದರು; ಮುಖ್ಯಮಂತ್ರಿ ಪಟ್ಟವೂ ಅದರಿಂದಲೇ ಬಂತು. ದಿಲ್ಲಿಯಿಂದ ವೀಕ್ಷಕರು ಬಂದರು, ಯಡಿಯೂರಪ್ಪ ಹೆಸರು ಸೂಚಿಸಿದರು, ಸಭೆ ಒಪ್ಪಿತು. 2018ರ ಮೇ ಬಿಸಿಲಲ್ಲಿ ಅವರ ಕ್ಷೇತ್ರ ಶಿಗ್ಗಾವಿಯ ಮನೆಮನೆಗೆ ಚೀಟಿ ಹಂಚಿದ ಕಾರ್ಯಕರ್ತನಿಗೆ ಉಳಿದದ್ದು ಪಟಾಕಿ ಹಚ್ಚುವ ಕೆಲಸವಷ್ಟೇ. ಬೇರೆ ಪಕ್ಷಗಳದ್ದೂ ಇದೇ ಕತೆ: 'ಹೈಕಮಾಂಡ್ ತೀರ್ಮಾನಕ್ಕೆ ಬದ್ಧ' ಎಂದು ಒಂದು ಸಾಲಿನ ನಿರ್ಣಯ ಬರೆಯುವುದು, ಲಕೋಟೆಗೆ ಕಾಯುವುದು.

ಗದಗ ಸೀಮೆಯವರು ಇದನ್ನು ಒಪ್ಪಿಕೊಂಡು ಕೂತಿರುವುದೇ ವಿಚಿತ್ರ. ಇಲ್ಲಿನ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಹುಟ್ಟಿತು. ಸಂಘದಲ್ಲಿ ಷೇರು ಎಷ್ಟೇ ಇರಲಿ, ಸದಸ್ಯನಿಗೆ ಒಂದೇ ಮತ. ಎರಡೆಕರೆ ಒಣಬೇಸಾಯದವನು ಆಡಳಿತ ಮಂಡಳಿ ಆರಿಸಬಲ್ಲ ಎಂದಮೇಲೆ ನಾಯಕನನ್ನು ಆರಿಸಲಾರನೇ? 2022ರ ಅಕ್ಟೋಬರಿನಲ್ಲಿ ಕಾಂಗ್ರೆಸ್ ಅಧ್ಯಕ್ಷಗಿರಿಗೆ ಪ್ರತಿನಿಧಿಗಳು ಮತ ಹಾಕಿದರು. ಖರ್ಗೆಗೆ 7,897, ತರೂರ್‌ಗೆ 1,072. ಫಲಿತಾಂಶ ಮೊದಲೇ ಗೊತ್ತಿತ್ತು ಅನ್ನುವವರಿದ್ದಾರೆ, ಇರಲಿ. ಬೇರೆ ಮಾತಾಡುವವರು ಸಾವಿರ ಜನ ಇದ್ದಾರೆ ಅಂತ ಪಕ್ಷಕ್ಕೆ ಲೆಕ್ಕವಾದರೂ ಸಿಕ್ಕಿತು.

ವಿರೋಧ

ಸೊಸೈಟಿಯ ಮಾತು ಎತ್ತಿದ್ದು ಒಳ್ಳೇದೇ ಆಯಿತು. ನಮ್ಮೂರ ಸೊಸೈಟಿಯಲ್ಲಿ ನನ್ನ ಷೇರಿನ ಹಣ ತುಂಬಿದವನು ನಾನಲ್ಲ, ಚುನಾವಣೆಗೆ ನಿಂತ ಪ್ಯಾನಲ್‌ನವರು. ರಸೀದಿ ಇವತ್ತಿಗೂ ನನ್ನ ಕೈಗೆ ಬಂದಿಲ್ಲ. ಮತದಾನದ ದಿನ ಮಾತ್ರ ಟಂಟಂ ಬಾಗಿಲಿಗೇ ಬಂತು. ಗಿರಮಿಟ್ಟು, ಮಿರ್ಚಿ, ಚಹಾ ಎಲ್ಲ ಅವರ ಖರ್ಚು. ತಿಂದೆ, ಸುಳ್ಳು ಯಾಕೆ ಹೇಳಲಿ. ಪಕ್ಷದ ಸದಸ್ಯತ್ವಕ್ಕೂ ಈ ಚಾಳಿ ಹತ್ತಿದರೆ, ರಸೀದಿ ಪುಸ್ತಕ ಹೆಚ್ಚು ಖಾಲಿ ಮಾಡಿಸಿದವನೇ ನಾಯಕ.

ಅದಕ್ಕಿಂತ ದೊಡ್ಡ ತೊಡಕು ಬೇರೆ. ಪಕ್ಷದ ಅಧ್ಯಕ್ಷ ಬೇರೆ, ಶಾಸಕಾಂಗ ಪಕ್ಷದ ನಾಯಕ ಬೇರೆ. ಪರ ಬರೆದವರು ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದಾರೆ. ಮುಖ್ಯಮಂತ್ರಿಗೆ ಬೇಕಾದದ್ದು ಸದನದಲ್ಲಿ ಜೊತೆ ನಿಲ್ಲುವ ಶಾಸಕರು. ಹುಬ್ಬಳ್ಳಿ ಗ್ರಾಮೀಣದಿಂದ ಗೆದ್ದಿದ್ದ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರ 1989ರ ಏಪ್ರಿಲ್‌ನಲ್ಲಿ ವಜಾ ಆದದ್ದು ಬೆಂಬಲ ಹಿಂತೆಗೆದ 19 ಶಾಸಕರ ಪತ್ರಗಳನ್ನು ಹಿಡಿದು. ಬಹುಮತ ಸದನದಲ್ಲೇ ಸಾಬೀತಾಗಬೇಕೆಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ 1994 ಬಂದಿತ್ತು. ಇನ್ನು ಶಾಸಕರಿಗೆ ಬೇಡವಾದವನನ್ನು ಕಾರ್ಯಕರ್ತರು ತಂದು ಕೂರಿಸಿದರೆ? ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದಲ್ಲಿ 2022ರಲ್ಲಿ ಸಂಸದರ ಕೊನೆ ಸುತ್ತಿನಲ್ಲಿ ರಿಷಿ ಸುನಕ್‌ಗೆ 137, ಲಿಜ್ ಟ್ರಸ್‌ಗೆ 113 ಮತ. ಸದಸ್ಯರು ಗೆಲ್ಲಿಸಿದ್ದು ಟ್ರಸ್ ಅವರನ್ನು. 49 ದಿನಕ್ಕೆ ಅವರ ಅಧಿಕಾರ ಮುಗಿದು, ಸುನಕ್ ಬಂದು ಕೂತರು.

ಲಕೋಟೆ ನನಗೂ ಸೇರುವುದಿಲ್ಲ. ಶಾಸಕರೇ ಗುಪ್ತವಾಗಿ ಮತ ಹಾಕಲಿ, ಎಣಿಕೆ ಬೆಂಗಳೂರಿನಲ್ಲೇ, ಅದೇ ಸಭೆಯಲ್ಲೇ ಮುಗಿಯಲಿ.