ಹಳೆಯ ಕಾಲದ ಕೃಷಿ ಉಪಕರಣ

ಆ ಸಭೆಗೆ ಹೋಗಿದ್ದರೆ ನಾನು ಕಾರ್ಯದರ್ಶಿಯಾಗುತ್ತಿರಲಿಲ್ಲ. ನೆಗಡಿ ಹಿಡಿದಿತ್ತು, ಹೋಗಲಿಲ್ಲ. ಸಂಘ ಸಂಸ್ಥೆಗಳಲ್ಲಿ ಹುದ್ದೆಗಳು ಗೈರುಹಾಜರಾದವರ ತಲೆಯ ಮೇಲೆಯೇ ಬೀಳುತ್ತವೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಮರುದಿನ ಬೆಳಿಗ್ಗೆ ಅಧ್ಯಕ್ಷರು ಫೋನ್ ಮಾಡಿ, "ಅಭಿನಂದನೆಗಳು, ಅವಿರೋಧವಾಗಿ ಆಯ್ಕೆಯಾಗಿದ್ದೀರಿ" ಎಂದರು. ವಿರೋಧಿಸಬಹುದಾಗಿದ್ದ ಒಬ್ಬನೇ ಒಬ್ಬ ಮನುಷ್ಯ ಆ ಹೊತ್ತಿನಲ್ಲಿ ಮನೆಯಲ್ಲಿ ತಲೆಗೆ ಟವೆಲ್ ಹೊದ್ದು ಆವಿ ತೆಗೆದುಕೊಳ್ಳುತ್ತಿದ್ದ. ಹೀಗೆ ನಾನು ನಮ್ಮ ಪುಟ್ಟ ಸ್ಥಳೀಯ ಇತಿಹಾಸ ವಸ್ತುಸಂಗ್ರಹಾಲಯದ ಗೌರವ ಕಾರ್ಯದರ್ಶಿಯಾದೆ. 'ಗೌರವ' ಎಂದರೆ ಸಂಬಳವಿಲ್ಲ ಎಂದರ್ಥ. ಬೇರೆ ಅರ್ಥವೇನಾದರೂ ಇದೆಯೇ ಎಂದು ಎಂಟು ವರ್ಷಗಳಿಂದ ಹುಡುಕುತ್ತಿದ್ದೇನೆ.

ಅಧಿಕಾರ ಹಸ್ತಾಂತರದ ದಿನ ಹಿಂದಿನ ಕಾರ್ಯದರ್ಶಿಗಳು ಒಂದು ಕೀಲಿಗೊಂಚಲು, ಒಂದು ನಡಾವಳಿ ಪುಸ್ತಕ, ಒಂದು ರಿಜಿಸ್ಟರು ಕೊಟ್ಟರು. ಗೊಂಚಲಿನಲ್ಲಿ ಇಪ್ಪತ್ತಮೂರು ಕೀಲಿಗಳಿದ್ದವು. ಕಟ್ಟಡದಲ್ಲಿ ಇದ್ದ ಬೀಗಗಳು ಒಂಬತ್ತು.

"ಉಳಿದವು ಯಾವುದರದ್ದು ಸಾರ್?"

"ಗೊತ್ತಿಲ್ಲ. ಇರಲಿ, ಬಿಸಾಡಬೇಡಿ."

ಲೋಕದ ಸಣ್ಣ ವಸ್ತುಸಂಗ್ರಹಾಲಯಗಳೆಲ್ಲ ಈ ಒಂದು ಮಾತಿನಿಂದಲೇ ಹುಟ್ಟಿರಬೇಕು.

ರಿಜಿಸ್ಟರಿನ ಕಥೆಯೇ ಬೇರೆ. ಸಂಗ್ರಹಕ್ಕೆ ಬರುವ ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಕೊಡುವುದು ಪದ್ಧತಿ. 2009.3.14 ಎಂದಿದ್ದರೆ 2009ರಲ್ಲಿ ಬಂದ ಮೂರನೆಯ ದಾನದ ಹದಿನಾಲ್ಕನೆಯ ವಸ್ತು ಎಂದು ಲೆಕ್ಕ. ನೋಡಲು ಬಂದವರು ಅದನ್ನು ತಾರೀಕೆಂದೇ ಓದುತ್ತಾರೆ. "ನನ್ನ ಮಗಳು ಹುಟ್ಟಿದ ದಿನವೇ ನಿಮಗೆ ಈ ಗಡಿಯಾರ ಸಿಕ್ಕಿದೆ!" ಎಂದು ಒಬ್ಬರು ಗಡಿಯಾರದ ಪಕ್ಕ ಮಗಳನ್ನು ನಿಲ್ಲಿಸಿ ಫೋಟೊ ತೆಗೆದುಕೊಂಡು ಹೋದರು. ಅವರ ಸಂತೋಷಕ್ಕೆ ಕಲ್ಲು ಹಾಕಲು ನನಗೆ ಮನಸ್ಸಾಗಲಿಲ್ಲ.

ಸಂಖ್ಯೆಯನ್ನು ವಸ್ತುವಿನ ಮೇಲೆ ನೇರವಾಗಿ ಗೀಚುವಂತಿಲ್ಲ. ಪ್ಯಾರಲಾಯ್ಡ್ ಬಿ-72 ಎಂಬ ರಾಳವನ್ನು ತೆಳ್ಳಗೆ ಸವರಿ, ಒಣಗಿದ ಮೇಲೆ ಶಾಯಿಯಲ್ಲಿ ಪುಟ್ಟದಾಗಿ ಬರೆದು, ಅದರ ಮೇಲೆ ಇನ್ನೊಂದು ಪದರ ಹಚ್ಚಬೇಕು. ಬೇಡವೆನಿಸಿದ ದಿನ ಅಸಿಟೋನ್ ಹಾಕಿ ಒರೆಸಿದರೆ ಹೋಗಬೇಕು. ಬಟ್ಟೆಯಾದರೆ ಹತ್ತಿಯ ಪಟ್ಟಿಯ ಮೇಲೆ ಬರೆದು ಅಂಚಿಗೆ ಹೊಲಿಯಬೇಕು. ನನಗಿಂತ ಮುಂಚೆ ಇಲ್ಲಿದ್ದ ಸ್ವಯಂಸೇವಕನೊಬ್ಬ ಈ ವಿದ್ಯೆ ಕಲಿತು ಬಂದವನೇ, ಉತ್ಸಾಹ ತಡೆಯಲಾರದೆ, ಒಂದು ರಜೆಯಲ್ಲಿ ಕೈಗೆ ಸಿಕ್ಕಿದ್ದಕ್ಕೆಲ್ಲ ಸಂಖ್ಯೆ ಹಾಕಿಬಿಟ್ಟ. ನಮ್ಮ ಪೊರಕೆಗೆ ಸಂಖ್ಯೆ ಇದೆ. ಅಧ್ಯಕ್ಷರು ಕೂರುವ ಕುರ್ಚಿಗೂ ಇದೆ. ಆ ಮಧ್ಯಾಹ್ನ ಅಧ್ಯಕ್ಷರು ಕುರ್ಚಿಯಲ್ಲಿ ನಿದ್ದೆ ಹೋಗಿರಲಿಲ್ಲ ಎಂಬುದು ಅವರ ಪುಣ್ಯ.

ಏನೆಂದು ಗೊತ್ತಾಗದ ವಸ್ತುಗಳಿಗೂ ಅವನು ಒಂದು ದಾರಿ ಕಂಡುಕೊಂಡಿದ್ದ. ಮರದ್ದಾದರೆ 'ಗೃಹೋಪಯೋಗಿ ವಸ್ತು'. ಕಬ್ಬಿಣದ್ದಾದರೆ 'ಹಳೆಯ ಕಾಲದ ಕೃಷಿ ಉಪಕರಣ'. ನಮ್ಮ ನಾಲ್ಕನೆಯ ಗಾಜಿನ ಕಪಾಟಿನ ತುಂಬ ಇಂಥ ಕೃಷಿ ಉಪಕರಣಗಳೇ. ಅವುಗಳಲ್ಲಿ ಒಂದು ಕತ್ತರಿ, ಒಂದು ಬಾಗಿಲ ಚಿಲಕ ಇರುವುದನ್ನು ನಾನೇ ಗುರುತಿಸಿದ್ದೇನೆ. ಆದರೆ ಲೇಬಲ್ ಬದಲಿಸಲು ಸಮಿತಿಯ ಒಪ್ಪಿಗೆ ಬೇಕು.

ಲೇಬಲ್ ವಿಷಯದಲ್ಲಿ ನಾವು ಬ್ಯಾಬಿಲೋನಿನವರಿಗಿಂತ ಹಿಂದೆ ಬಿದ್ದಿದ್ದೇವೆ. ಇರಾಕಿನಲ್ಲಿ ಊರ್ ಎಂಬ ಊರಿದೆ. 1925ರಲ್ಲಿ ಲಿಯೊನಾರ್ಡ್ ವುಲಿ ಎಂಬ ಪುರಾತತ್ವಜ್ಞರು ಅಲ್ಲಿ ಅಗೆಯುತ್ತಿದ್ದಾಗ ಒಂದೇ ಕೋಣೆಯ ನೆಲದ ಮೇಲೆ ಬೇರೆ ಬೇರೆ ಶತಮಾನಗಳ ವಸ್ತುಗಳು ಒಟ್ಟಿಗೇ ಸಿಕ್ಕವು. ಇದೇನು ಕಾಲದ ಕಲಸುಮೇಲೋಗರ ಎಂದುಕೊಳ್ಳುವಾಗ ಒಂದು ಮಣ್ಣಿನ ಉರುಳೆ ಸಿಕ್ಕಿತು. ಹಳೆಯ ಇಟ್ಟಿಗೆಯ ಮೇಲಿದ್ದ ಬರಹವನ್ನು ನಕಲು ಮಾಡಿ, ಅದು ಎಲ್ಲಿಯದೆಂದು ಅದರ ಮೇಲೆ ಬರೆದಿದ್ದರು. ಬ್ಯಾಬಿಲೋನಿನ ರಾಜ ನಬೊನೈಡಸನ ಮಗಳು ಎನ್ನಿಗಾಲ್ಡಿ-ನನ್ನ ಸುಮಾರು 2,500 ವರ್ಷಗಳ ಹಿಂದೆ ಇಟ್ಟುಕೊಂಡಿದ್ದ ಸಂಗ್ರಹ ಇದು ಎಂದು ವುಲಿ ತೀರ್ಮಾನಿಸಿದರು. ಆ ಉರುಳೆಯನ್ನು ಜಗತ್ತಿನ ಮೊದಲ ಮ್ಯೂಸಿಯಂ ಲೇಬಲ್ ಎನ್ನುತ್ತಾರೆ. ಆಕೆ ರಾಜಕುಮಾರಿ, ಕಾರ್ಯಕಾರಿ ಸಮಿತಿಯ ಕಾಟ ಇದ್ದಿರಲಾರದು. ಹಾಗಾಗಿಯೇ ಕೆಲಸ ನಡೆದಿದೆ.

ದಾನಿಗಳ ವಿಷಯಕ್ಕೆ ಬರುತ್ತೇನೆ. ಜನ ಮನೆ ಖಾಲಿ ಮಾಡುವಾಗ ಮೊದಲು ಗುಜರಿಯವನನ್ನು ಕರೆಯುತ್ತಾರೆ. ಅವನು ಬೇಡವೆಂದದ್ದು ನಮಗೆ ಬರುತ್ತದೆ. ನಮ್ಮಲ್ಲಿ ಆಗಲೇ ಏಳು ಹೊಲಿಗೆ ಯಂತ್ರಗಳಿದ್ದವು. ಎಂಟನೆಯದನ್ನು ಆಟೋದಲ್ಲಿ ತಂದವರು, "ಇನ್ನೂರು ವರ್ಷದ್ದು, ನಮ್ಮ ಮುತ್ತಜ್ಜಿಯದ್ದು" ಎಂದರು. ಅದು ಸಿಂಗರ್ ಯಂತ್ರ. ಸಿಂಗರ್ ಯಂತ್ರಗಳ ಮೇಲೆ ಕ್ರಮಸಂಖ್ಯೆ ಇರುತ್ತದೆ, ಅದರಿಂದ ಯಾವ ವರ್ಷದ್ದೆಂದು ಕಂಡುಹಿಡಿಯಬಹುದು. ನೋಡಿದೆ. ತೊಂಬತ್ತು ವರ್ಷವೂ ಆಗಿರಲಿಲ್ಲ. ಐಸಾಕ್ ಸಿಂಗರ್ ತಮ್ಮ ಯಂತ್ರಕ್ಕೆ ಪೇಟೆಂಟ್ ಪಡೆದದ್ದೇ 1851ರಲ್ಲಿ, ಇನ್ನೂರು ಆಗುವುದು ಹೇಗೆ ಎಂದು ನನ್ನ ಜ್ಞಾನವನ್ನು ಪ್ರದರ್ಶಿಸಿದೆ. ಅವರ ಮುಖ ಕೆಂಪಾಯಿತು. "ಹಾಗಾದರೆ ನಮ್ಮ ಅಜ್ಜಿ ಸುಳ್ಳು ಹೇಳಿದರು ಅನ್ನುತ್ತೀರಾ?" ಎಂದರು. ಅಜ್ಜಿಯ ಮಾನ ಉಳಿಸಲು ನಾನು ಯಂತ್ರವನ್ನು ಇಳಿಸಿಕೊಂಡೆ. ಆಟೋ ಬಾಡಿಗೆಯನ್ನೂ ಕೊಟ್ಟೆ.

ಒಂದು ಹಳೆಯ ರೈಲ್ವೆ ಗಾರ್ಡಿನ ಉಣ್ಣೆಯ ಕೋಟು ಮಾತ್ರ ನಿಜಕ್ಕೂ ಚೆನ್ನಾಗಿತ್ತು, ಹಿತ್ತಾಳೆ ಗುಂಡಿಗಳೂ ಇದ್ದವು. ಕಾಲರ್ ಮಡಿಸಿ ನೋಡಿದರೆ ಕಂದು ರೋಮದ ಪುಟ್ಟ ಮರಿಹುಳುಗಳು. ಉಣ್ಣೆ, ತುಪ್ಪಳ, ಒಣಗಿದ ಕೀಟಗಳನ್ನು ತಿನ್ನುವ ಈ ಜಾತಿಯ ಒಂದು ದುಂಬಿಗೆ ವಿಜ್ಞಾನಿಗಳು ಇಟ್ಟಿರುವ ಹೆಸರೇ ಆಂಥ್ರೀನಸ್ ಮ್ಯೂಸಿಯೋರಮ್. ಅಂದರೆ ಮ್ಯೂಸಿಯಂಗಳದ್ದು. ನಮ್ಮ ಸಂಸ್ಥೆಗೆ ಇಷ್ಟು ನಿಷ್ಠೆಯಿಂದ ದಿನವೂ ಬರುವವರು ಬೇರೆ ಯಾರೂ ಇಲ್ಲದಿರುವಾಗ ಹೆಸರಿನಲ್ಲಿ ತಪ್ಪೇನೂ ಇಲ್ಲ.

ಇದಕ್ಕೆ ಔಷಧಿ ಹೊಡೆಯಬಾರದು. ಬಟ್ಟೆಯನ್ನು ಪಾಲಿಥೀನ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಬೇಕು. ಆಚೆ ತೆಗೆದ ಮೇಲೂ ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ತೇವ ಕೂರುತ್ತದೆ. ಮೈನಸ್ 18 ಇರುವ ಜಾಗ ನನ್ನ ಬಳಿ ಒಂದೇ ಇತ್ತು. ಮನೆಯ ಫ್ರಿಜ್ಜಿನ ಮೇಲಿನ ಕೋಣೆ. ಒಳಗಿದ್ದುದನ್ನೆಲ್ಲ ಖಾಲಿ ಮಾಡಿ ಕೋಟು ತುರುಕಿದೆ. ಹೆಂಡತಿಗೆ ಹೇಳೋಣ ಎಂದುಕೊಂಡೆ, ಮರೆತೆ. ಎರಡನೆಯ ದಿನ ಐಸ್ ತೆಗೆಯಲು ಬಾಗಿಲು ತೆರೆದ ನಮ್ಮ ಅತ್ತೆಯವರಿಗೆ ಮಂಜಿನ ನಡುವಿನಿಂದ ಹಿತ್ತಾಳೆ ಗುಂಡಿಯ ತೋಳೊಂದು ಕಾಣಿಸಿತು. ಅವರು ಕೂಗಿದ ಕೂಗಿಗೆ ಎದುರು ಮನೆಯವರು ಬಂದರು. ಹತ್ತನೆಯ ದಿನ ಕರೆಂಟು ಹೋಗಿ ಎಲ್ಲ ಕರಗಿತು. ಲೆಕ್ಕ ಮತ್ತೆ ಒಂದರಿಂದ ಶುರು. ಒಟ್ಟು ಇಪ್ಪತ್ತನಾಲ್ಕು ದಿನ ನಮ್ಮ ಮನೆಯಲ್ಲಿ ಐಸ್ ಇರಲಿಲ್ಲ, ಮಾತುಕತೆಯೂ ಹೆಚ್ಚು ಇರಲಿಲ್ಲ. ಮುಂದಿನ ಸಭೆಯಲ್ಲಿ ಖಜಾಂಚಿಯವರು ನನ್ನನ್ನು ಅಭಿನಂದಿಸಿ, ಫ್ರಿಜ್ಜಿಗೆ ಬಾಡಿಗೆ ಕೇಳತಕ್ಕದ್ದಲ್ಲ ಎಂದು ನಡಾವಳಿಯಲ್ಲಿ ಬರೆಸಿದರು.

ಸಭೆ ಎಂದೆನಲ್ಲ. ನಮ್ಮ ಸಮಿತಿಯಲ್ಲಿ ಹನ್ನೊಂದು ಜನ, ಕೋರಂಗೆ ಆರು ಜನ ಬೇಕು. ಸಮಯಕ್ಕೆ ಸರಿಯಾಗಿ ಐವರು ಬರುತ್ತಾರೆ. ಆರನೆಯವರಿಗಾಗಿ ಕಾಯುವ ಮುಕ್ಕಾಲು ಗಂಟೆಯಲ್ಲಿ ಎಲ್ಲ ವಿಷಯಗಳೂ ಚರ್ಚೆಯಾಗಿ, ಎಲ್ಲರೂ ಒಪ್ಪಿಯೂ ಆಗಿರುತ್ತದೆ. ಆರನೆಯವರು ಬಂದು ಕುರ್ಚಿ ಎಳೆದುಕೊಂಡ ಕೂಡಲೇ ಸಭೆ ಅಧಿಕೃತವಾಗಿ ಶುರುವಾಗುತ್ತದೆ, ಒಪ್ಪಿದ್ದೆಲ್ಲ ಮುರಿದು ಬೀಳುತ್ತದೆ. ಅಮೆರಿಕದಲ್ಲಿ ಹೆನ್ರಿ ರಾಬರ್ಟ್ ಎಂಬ ಸೇನಾ ಎಂಜಿನಿಯರ್ ಇದ್ದರು. 1863ರಲ್ಲಿ ಅವರನ್ನು ಒಂದು ಚರ್ಚಿನ ಸಭೆಗೆ ಅಧ್ಯಕ್ಷರಾಗಿ ಕೂರಿಸಿದರು. ಸಭೆ ಕೈಮೀರಿ ಹೋಯಿತು. ಆ ನಾಚಿಕೆಯಲ್ಲಿ ಸಭಾ ನಿಯಮಗಳನ್ನು ಅಭ್ಯಾಸ ಮಾಡಿ 1876ರಲ್ಲಿ ಪುಸ್ತಕವನ್ನೇ ಬರೆದರು, ಇವತ್ತಿಗೂ ಜನ ಅದನ್ನು ಹಿಡಿದು ಸಭೆ ನಡೆಸುತ್ತಾರೆ. ಒಂದು ಸಭೆಗೆ ಒಂದು ಪುಸ್ತಕವಾದರೆ, ನಮ್ಮಲ್ಲಿಗೆ ಬಂದಿದ್ದರೆ ಅವರಿಂದ ಒಂದು ಗ್ರಂಥಾಲಯವೇ ಆಗುತ್ತಿತ್ತು.

ಹಳೆಯ ನಡಾವಳಿ ಪುಸ್ತಕ ತಿರುವಿ ಹಾಕಿದರೆ ಹನ್ನೊಂದು ವರ್ಷಗಳಿಂದ ಒಂದು ವಿಷಯ ಪ್ರತಿ ಸಭೆಯಲ್ಲೂ ಕಾಣುತ್ತದೆ. ಪಶ್ಚಿಮದ ಕಿಟಕಿ. ಹಳೆಯ ಕಾಗದಪತ್ರ, ಬಟ್ಟೆಗಳ ಮೇಲೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದು ಎನ್ನುವುದು ಎಲ್ಲ ಕಡೆ ಒಪ್ಪಿದ ಮಾತು. ಐವತ್ತು ಲಕ್ಸ್ ಎಂದರೆ ಲೇಬಲ್ ಓದಲು ಕಣ್ಣು ಕಿರಿದು ಮಾಡಬೇಕಾದಷ್ಟು ಬೆಳಕು. ಖಜಾಂಚಿಯವರು, "ಕರೆಂಟು ಬಿಲ್ಲು ಇಳಿಯುತ್ತದೆಯೇ?" ಎಂದರು. ಇಳಿಯುತ್ತದೆ ಎಂದೆ. ಚರ್ಚೆಯಿಲ್ಲದೆ ಪಾಸಾದ ಏಕೈಕ ಠರಾವು ಅದು. ಆದರೆ ಬಲ್ಬು ತೆಗೆದರೂ ಸೂರ್ಯ ಇದ್ದಾನಲ್ಲ. ಮಧ್ಯಾಹ್ನ ಮೂರರ ನಂತರ ಆ ದೊಡ್ಡ ಗಾಜಿನಿಂದ ಸಾವಿರಾರು ಲಕ್ಸ್ ಬಿಸಿಲು ನೇರವಾಗಿ ಪತ್ರಗಳ ಮೇಲೆ ಬಂದು ಕೂರುತ್ತಿತ್ತು. ಕಿಟಕಿಗೆ ಹೊರಗಿನಿಂದ ರೋಲಿಂಗ್ ಶಟರ್ ಏನೋ ಇದೆ, ಕಟ್ಟಡ ರಿಪೇರಿಯಾದ ವರ್ಷದಿಂದ ಅದು ಮೇಲೆಯೇ ಸಿಕ್ಕಿಕೊಂಡಿದೆ. 'ಚರ್ಚಿಸಿ ಮುಂದಿನ ಸಭೆಗೆ ಮುಂದೂಡಲಾಯಿತು.' ಮೂವತ್ತೆಂಟು ಸಲ.

ಕೊನೆಗೆ ನಾನೇ ಮನೆಯಿಂದ ಒಂದು ನೀಲಿ ಹೂವಿನ ಬೆಡ್‌ಶೀಟು ತಂದು ಕಿಟಕಿಗೆ ಕಟ್ಟಿದೆ. ಫ್ರಿಜ್ಜಿನ ಪ್ರಕರಣ ಇನ್ನೂ ಆರಿರಲಿಲ್ಲವಾದ್ದರಿಂದ ಇದನ್ನೂ ಹೆಂಡತಿಗೆ ಹೇಳಲಿಲ್ಲ. ಒಬ್ಬ ಸಂದರ್ಶಕರು ಅದರ ಮುಂದೆ ಬಹಳ ಹೊತ್ತು ನಿಂತು, "ಇದರ ಮೇಲೆ ಲೇಬಲ್ ಏಕಿಲ್ಲ?" ಎಂದು ಕೇಳಿದರು.

ಕಳೆದ ವರ್ಷ ಪವಾಡವೆಂಬಂತೆ ಏಳು ಜನ ಸೇರಿ, ಹೊಸ ಶಟರ್ ಹಾಕಿಸಲು ಎಷ್ಟಾಗುತ್ತದೆಂದು ವಿಚಾರಿಸತಕ್ಕದ್ದು ಎಂದು ತೀರ್ಮಾನವಾಯಿತು. ಮೆಕ್ಯಾನಿಕ್ ಬಂದ. ಹೊರಗೆ ನಿಂತು ಮೇಲೆ ನೋಡಿ, "ಶಟರ್ ಚೆನ್ನಾಗಿಯೇ ಇದೆ ಸಾರ್, ಗೇರಿನದ್ದು. ಹ್ಯಾಂಡಲ್ ಕೊಡಿ, ಇಳಿಸುತ್ತೇನೆ" ಎಂದ. ಹ್ಯಾಂಡಲ್ ಇಲ್ಲ ಎಂದೆ. ನೀರು ಕೇಳಿದ. ಲೋಟ ಕೈಯಲ್ಲಿ ಹಿಡಿದು ಒಳಗೆ ಒಂದು ಸುತ್ತು ಹಾಕಿದವನು ನಾಲ್ಕನೆಯ ಕಪಾಟಿನ ಮುಂದೆ ನಿಂತ. ಉದ್ದನೆಯ ಸರಳು, ಒಂದು ತುದಿಗೆ ಕೊಕ್ಕೆ, ಇನ್ನೊಂದು ತುದಿಯನ್ನು ಎರಡು ಕಡೆ ಬಗ್ಗಿಸಿ ಹಾಕಿದ ಮರದ ಹಿಡಿ. ಅವನು ಲೇಬಲ್ ಅನ್ನು ಅಕ್ಷರ ಅಕ್ಷರವಾಗಿ ಓದಿದ.

"ಇದರಲ್ಲಿ ಏನು ಉಳುತ್ತಿದ್ದರು ಸಾರ್?"

ನನಗೆ ಮಾತು ಹೊರಡಲಿಲ್ಲ. ಇಪ್ಪತ್ತಮೂರು ಕೀಲಿಗಳಲ್ಲಿ ಹತ್ತೊಂಬತ್ತನೆಯದು ಕಪಾಟಿಗೆ ಹತ್ತಿತು. ಅವನು ಕೊಕ್ಕೆ ಸಿಕ್ಕಿಸಿ ಹತ್ತು ಸುತ್ತು ತಿರುಗಿಸುವಷ್ಟರಲ್ಲಿ, ಹನ್ನೊಂದು ವರ್ಷ ಮುಂದೂಡಿದ ವಿಷಯ ಕರಕರ ಎನ್ನುತ್ತ ಕೆಳಗಿಳಿಯಿತು.

ಕಷ್ಟ ಶುರುವಾದದ್ದು ಆಮೇಲೆ. ಸಂಖ್ಯೆ ಬಿದ್ದ ವಸ್ತುವನ್ನು ನಿತ್ಯ ಬಳಕೆಗೆ ತೆಗೆಯುವಂತಿಲ್ಲ. ಸಂಗ್ರಹದಿಂದ ಕೈಬಿಡಬೇಕಾದರೆ ಕಾರಣ ಬರೆದು, ಸಮಿತಿ ಒಪ್ಪಿ, ದಾಖಲೆ ಉಳಿಸಬೇಕು. "ನಾನೇ ಕೊಂಡು ಸಂಸ್ಥೆಗೆ ಕೊಟ್ಟುಬಿಡುತ್ತೇನೆ" ಎಂದರು ಅಧ್ಯಕ್ಷರು. ಕೈಬಿಟ್ಟ ವಸ್ತುಗಳನ್ನು ಸಮಿತಿಯವರು ಕೊಳ್ಳುವಂತಿಲ್ಲ ಎಂದು ಅಂತರರಾಷ್ಟ್ರೀಯ ಮ್ಯೂಸಿಯಂ ಮಂಡಳಿಯ ನೀತಿ ಸಂಹಿತೆಯನ್ನು ತೋರಿಸಿದೆ. ಹಿರಿಯ ಸದಸ್ಯೆಯೊಬ್ಬರು, "ಹನ್ನೊಂದು ವರ್ಷ ಜನ ನೋಡಿದ್ದಾರೆ. ಈಗ ಅದಕ್ಕೂ ಒಂದು ಇತಿಹಾಸವಿದೆ, ಬಿಡಬಾರದು" ಎಂದು ಪಟ್ಟು ಹಿಡಿದರು. ಎರಡೂವರೆ ಗಂಟೆಯ ನಂತರ ವಸ್ತುಸಂಗ್ರಹಾಲಯವು ಹ್ಯಾಂಡಲನ್ನು ವಸ್ತುಸಂಗ್ರಹಾಲಯಕ್ಕೆ ಎರವಲು ಕೊಡುವುದೆಂದು ನಿರ್ಧಾರವಾಯಿತು. ಪ್ರತಿದಿನ ಮೂರು ಗಂಟೆಗೆ ನಾನು ಎರವಲು ಪತ್ರ ತುಂಬುತ್ತೇನೆ. ಕೊಟ್ಟವರ ಸಹಿ ನನ್ನದು, ಪಡೆದವರ ಸಹಿ ನನ್ನದು. ವಸ್ತುವಿನ ಸ್ಥಿತಿ: ಉತ್ತಮ. ಅವಧಿ: ಐದು ನಿಮಿಷ.

ಶಟರ್ ಇಳಿದ ಮೇಲೆ ಬೆಡ್‌ಶೀಟಿನ ಅಗತ್ಯವಿರಲಿಲ್ಲ. ಅದು ಎಲ್ಲಿ ಹೋಯಿತೆಂದು ಹೆಂಡತಿ ಅಷ್ಟರಲ್ಲಿ ನಾಲ್ಕು ಸಲ ಕೇಳಿದ್ದಳು. ಒಂದು ಸಂಜೆ ಬಿಚ್ಚಿ, ಮಡಿಸಿ, ಚೀಲಕ್ಕೆ ಹಾಕುವಾಗ ಅಂಚಿನಲ್ಲಿ ಏನೋ ಕೈಗೆ ತಗುಲಿತು. ಹತ್ತಿಯ ಪುಟ್ಟ ಪಟ್ಟಿ, ಅದರ ಮೇಲೆ ಮುತ್ತು ಪೋಣಿಸಿದಂಥ ಅಕ್ಷರಗಳಲ್ಲಿ ಸಂಖ್ಯೆ. ಈ ವರ್ಷ ಬಂದಿರುವ ಸ್ವಯಂಸೇವಕಿ ಬಹಳ ಅಚ್ಚುಕಟ್ಟಿನ ಹುಡುಗಿ. ರಿಜಿಸ್ಟರು ತೆಗೆದು ನೋಡಿದೆ. ದಾನಿಗಳ ಹೆಸರು ಎಂಬಲ್ಲಿ 'ಗೌರವ ಕಾರ್ಯದರ್ಶಿಗಳು' ಎಂದಿತ್ತು.