ಕರೆಂಟ್ ಲೆಕ್ಕ ಹಂಚಿಕೊಂಡರೆ ದರ ಏರುವುದಿಲ್ಲ: ಒಂದು ಸ್ಪಷ್ಟನೆ

ಕಾರವಾರ, ಅಂಕೋಲಾ, ಕುಮಟಾ ಕಡೆಯ ಐಸ್ ಪ್ಲಾಂಟ್‌ನವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. 'ಇಂಧನ ಉಳಿತಾಯದ ಸಮೀಕ್ಷೆಗೆ ಲೆಕ್ಕ ಕೊಟ್ಟರೆ ಹೆಸ್ಕಾಂ (ಇಲ್ಲಿಗೆ ಕರೆಂಟ್ ಪೂರೈಸುವ ಕಂಪನಿ) ನಿಮ್ಮ ದರ ಏರಿಸುತ್ತದೆ, ಕೊಡದಿದ್ದರೆ ದಂಡ' ಅಂತ. ಎರಡೂ ತಪ್ಪು.

ದರ ನಿಗದಿ ಮಾಡುವುದು ಹೆಸ್ಕಾಂ ಅಲ್ಲ, ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ. ಅದೂ ಇಡೀ ಗ್ರಾಹಕ ವರ್ಗಕ್ಕೆ, ಒಬ್ಬೊಬ್ಬರಿಗಲ್ಲ. ಇನ್ನು ನೀವು ಎಷ್ಟು ಯೂನಿಟ್ ಸುಡುತ್ತೀರಿ ಅನ್ನೋದು ಹೆಸ್ಕಾಂಗೆ ಮೀಟರಿನಿಂದಲೇ ಗೊತ್ತು, ಅಲ್ವಾ?

ದಂಡದ ಮಾತಿಗೆ ಮೂಲ 2001ರ ಇಂಧನ ಸಂರಕ್ಷಣಾ ಕಾಯ್ದೆ ಇರಬಹುದು. ಅದರಡಿ ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕಾದವರು ಸರ್ಕಾರ ಹೆಸರಿಸಿದ ದೊಡ್ಡ ಬಳಕೆದಾರರು: ಸಿಮೆಂಟ್, ಉಕ್ಕು, ದೊಡ್ಡ ಕಾಗದ ಕಾರ್ಖಾನೆಗಳಂಥವು. ಬಂದರಿನ ಸಣ್ಣ ಐಸ್ ಪ್ಲಾಂಟ್ ಆ ಸಾಲಿಗೆ ಬರುವುದಿಲ್ಲ.

ಲೆಕ್ಕದಿಂದ ಲಾಭ ಏನು? 30 ಡಿಗ್ರಿಯ ಒಂದು ಟನ್ ನೀರು ಐಸ್ ಆಗಲು ಸುಮಾರು 128 ಯೂನಿಟ್‌ನಷ್ಟು ಶಾಖ ಹೊರಹೋಗಬೇಕು. ಇದು ಎಲ್ಲರಿಗೂ ಒಂದೇ. ಅದನ್ನು ಹೊರಹಾಕಲು ಸುಡುವ ಕರೆಂಟ್ ಮಾತ್ರ ಬೇರೆ ಬೇರೆ. ಶಾಖ ಹೊರಬಿಡುವ ಕಂಡೆನ್ಸರ್ ಪೈಪಿನಲ್ಲಿ ಗಸಿ ಕಟ್ಟಿದರೆ ಬಿಲ್ ಸದ್ದಿಲ್ಲದೆ ಏರುತ್ತದೆ. ಟನ್ನಿಗೆ ಎಷ್ಟು ಯೂನಿಟ್ ಅಂತ ನಾಲ್ಕು ಪ್ಲಾಂಟ್‌ಗಳದ್ದು ಪಕ್ಕಪಕ್ಕ ಇಟ್ಟರೆ ಆಗ ಕಾಣುತ್ತದೆ. ಆದರೆ ತಿಂಗಳುವಾರು ಇಡಿ. ಜೂನ್, ಜುಲೈನಲ್ಲಿ ಟ್ರಾಲಿಂಗ್ (ದೋಣಿಯಿಂದ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ, ಮೀನಿಗೆ ಐಸ್ ಕೇಳುವವರು ಕಡಿಮೆ, ಪ್ಲಾಂಟ್ ಅರೆಬರೆ ಓಡುತ್ತದೆ. ವರ್ಷದ ಸರಾಸರಿ ಸುಮ್ನೆ ದಾರಿ ತಪ್ಪಿಸುತ್ತದೆ.

ಎಷ್ಟು ಮಾಲು ತೆಗೆದಿರಿ ಅನ್ನೋದು ಪಕ್ಕದವರಿಗೆ ತಿಳಿಯಬಾರದು ಅನ್ನುವ ಅಳುಕು ಮಾತ್ರ ನ್ಯಾಯವೇ. ಹಾಗಿದ್ದರೆ ಹೆಸರು, ಒಟ್ಟು ಉತ್ಪಾದನೆ ಬಿಟ್ಟು ಟನ್ನಿಗೆ ಎಷ್ಟು ಯೂನಿಟ್ ಅನ್ನುವ ಲೆಕ್ಕವಷ್ಟೇ ಕೊಡಿ.