ವೈರಸ್ ಹೋತು ಅಂತ ಸೋನೋಗ್ರಫಿ ಬಿಡಬ್ಯಾಡ್ರಿ

ಲಿವರಿಗೆ ಅಂಟುವ ಹೆಪಟೈಟಿಸ್ ಸಿ ವೈರಸ್ಸಿನ ಗುಳಿಗೆ ಮುಗಿದು 12 ವಾರ ಆದಮೇಲೆ ಆರ್‌ಎನ್‌ಎ ಟೆಸ್ಟಿನಲ್ಲಿ ‘ವೈರಸ್ ಪತ್ತೆಯಾಗಿಲ್ಲ’ ಅಂತ ಬಂತೆಂದರೆ, ಫೈಲು ಟ್ರಂಕು ಸೇರುತ್ತದೆ. ಆ ಚೀಟಿ ವೈರಸ್ಸಿನ ಲೆಕ್ಕ ಚುಕ್ತಾ ಆಯಿತು ಅಂತಷ್ಟೇ ಹೇಳುತ್ತದೆ. ಲಿವರಿನ ಬಗ್ಗೆ ಅದರಲ್ಲಿ ಒಂದಕ್ಷರವೂ ಇರುವುದಿಲ್ಲ.

ಸಿರೋಸಿಸ್ (ಲಿವರ್ ತುಂಬ ಗಾಯದ ಕಲೆ ಕಟ್ಟಿ ಗಟ್ಟಿಯಾಗುವುದು) ಆದಮೇಲೆ ವೈರಸ್ಸಿನಿಂದ ಗುಣವಾದವರಲ್ಲಿ ಲಿವರ್ ಕ್ಯಾನ್ಸರಿನ ಅಪಾಯ ಬಹಳ ತಗ್ಗುತ್ತದೆ, ನಿಜ. ಆದರೂ ಇಂಥ ನೂರು ಮಂದಿಯಲ್ಲಿ ವರ್ಷಕ್ಕೆ ಒಬ್ಬಿಬ್ಬರಿಗೆ ಬರುತ್ತಲೇ ಇರುತ್ತದೆ. ವರ್ಷಗಟ್ಟಲೆ ಸತ್ತು ಹುಟ್ಟಿದ ಕೋಶಗಳಲ್ಲಿ ಕೂತ ತಪ್ಪು, ವೈರಸ್ ಹೋದ ಮಾತ್ರಕ್ಕೆ ಅಳಿಯುವುದಿಲ್ಲ. (ಗುಳಿಗೆಯಿಂದಲೇ ಕ್ಯಾನ್ಸರ್ ಮರಳುತ್ತದೆ ಅನ್ನುವ ಗುಲ್ಲು 2016ರಲ್ಲಿ ಸ್ಪೇನಿನ ಒಂದು ವರದಿಯಿಂದ ಎದ್ದಿತ್ತು. ಮುಂದಿನ ದೊಡ್ಡ ಅಧ್ಯಯನಗಳ ಮುಂದೆ ಅದು ನಿಲ್ಲಲಿಲ್ಲ. ಗುಳಿಗೆಗೆ ಹೆದರಬೇಕಿಲ್ಲ.)

ಮುಖ್ಯವಾದದ್ದು ಚಿಕಿತ್ಸೆಗೆ ಮೊದಲು ಲಿವರ್ ಯಾವ ಹಂತದಲ್ಲಿತ್ತು ಅನ್ನುವುದು. ರಕ್ತಪರೀಕ್ಷೆಯಿಂದ ಲಿವರಿನ ಕಲೆಯನ್ನು ಅಂದಾಜು ಮಾಡುವ ಫಿಬ್-4 ಲೆಕ್ಕ ನೋಡ್ರಿ (ಎಎಸ್‌ಟಿ, ಎಎಲ್‌ಟಿ ಅಂದರೆ ರಕ್ತದಲ್ಲಿ ಅಳೆಯುವ ಲಿವರಿನ ಕಿಣ್ವಗಳು): ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ, ಪ್ಲೇಟ್‌ಲೆಟ್ (ಸಾವಿರಗಳಲ್ಲಿ) ಮತ್ತು ಎಎಲ್‌ಟಿಯ ವರ್ಗಮೂಲದ ಗುಣಲಬ್ಧದಿಂದ ಭಾಗಿಸಬೇಕು. ವಯಸ್ಸು 58, ಎಎಸ್‌ಟಿ 90, ಎಎಲ್‌ಟಿ 81, ಪ್ಲೇಟ್‌ಲೆಟ್ 1,10,000 ಇದ್ದರೆ ಉತ್ತರ 5.27. ಇದು 3.25 ದಾಟಿದರೆ ಲಿವರ್ ಬಹಳ ಗಟ್ಟಿಯಾಗಿರಬಹುದು ಅಂತ ಅನುಮಾನ. ಗುಣವಾಗಿ ಎರಡು ವರ್ಷ ಕಳೆದ ಮೇಲೆ ಅದೇ ಮನುಷ್ಯನಿಗೆ ವಯಸ್ಸು 60, ಎಎಸ್‌ಟಿ 30, ಎಎಲ್‌ಟಿ 25, ಪ್ಲೇಟ್‌ಲೆಟ್ 1,20,000 ಆಯಿತೆನ್ನಿ, ಉತ್ತರ 3.0ಕ್ಕೆ ಇಳಿಯುತ್ತದೆ. ಇಳಿದದ್ದರಲ್ಲಿ ಹೆಚ್ಚಿನ ಪಾಲು ಉರಿಯೂತದ್ದು, ಗಾಯದ ಕಲೆಯದಲ್ಲ. ಲಿವರಿನ ಗಟ್ಟಿತನ ಅಳೆಯುವ ಫೈಬ್ರೋಸ್ಕ್ಯಾನಿನ ಅಂಕಿಯೂ ಹೀಗೇ ಮೋಸ ಮಾಡುತ್ತದೆ. ಮೊದಲಿಗೆ ಸಿರೋಸಿಸ್ ಇದ್ದವರು ಈ ಹೊಸ ಅಂಕಿ ನೋಡಿ ತಪಾಸಣೆ ಬಿಟ್ಟರೆ ಕೆಟ್ಟರು.

ತಪಾಸಣೆ ಅಂದರೆ ಆರು ತಿಂಗಳಿಗೊಮ್ಮೆ ಹೊಟ್ಟೆಯ ಸೋನೋಗ್ರಫಿ, ಜೊತೆಗೆ ಲಿವರ್ ಕ್ಯಾನ್ಸರಿನ ಸುಳಿವು ಕೊಡಬಲ್ಲ ಎಎಫ್‌ಪಿ ರಕ್ತಪರೀಕ್ಷೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕು, ಗ್ಯಾಸ್ ತುಂಬಿದ್ದರೆ ಚಿತ್ರ ಮಬ್ಬಾಗುತ್ತದೆ. ಲಿವರಿನ ಬಲಭಾಗದ (ಬಲಹಾಲೆಯ) ಮೇಲ್ತುದಿ ಪಕ್ಕೆಲುಬಿನ ಅಡಿ ಅಡಗಿರುತ್ತದೆ, ದೀರ್ಘ ಉಸಿರು ತುಂಬಿ ಹಿಡಿದಾಗಲೇ ಕಾಣುವುದು. ಅವಸರದಲ್ಲಿ ತಪ್ಪುವ ಜಾಗವೂ ಅದೇ. ರಿಪೋರ್ಟಿನಲ್ಲಿ ‘ಲಿವರ್ ಪೂರ್ಣ ಕಂಡಿಲ್ಲ’ ಅಂತಿದ್ದರೆ ಅದನ್ನು ನಾರ್ಮಲ್ ಅಂತ ಓದಬಾರದು, ಡಾಕ್ಟರಿಗೆ ತೋರಿಸಬೇಕು. ಒಂದು ಸೆಂಟಿಮೀಟರ್‌ಗಿಂತ ಚಿಕ್ಕ ಗಂಟು ಕಂಡರೆ ಮೂರು ತಿಂಗಳಲ್ಲಿ ಮತ್ತೆ ನೋಡುತ್ತಾರೆ. ದೊಡ್ಡದಿದ್ದರೆ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಿಸುವ ಔಷಧ) ಹಾಕಿ ಸಿಟಿ ಅಥವಾ ಎಂಆರ್‌ಐ. ಎರಡು ಸೆಂಟಿಮೀಟರಿನೊಳಗಿನ ಕ್ಯಾನ್ಸರ್ ಗಂಟನ್ನು ಸೂಜಿ ಚುಚ್ಚಿ ಸುಟ್ಟು ತೆಗೆಯಲು ಬರುತ್ತದೆ. ಆ ಹಂತದಲ್ಲಿ ಸಾಮಾನ್ಯವಾಗಿ ನೋವು, ಕಾಮಣಿ ಯಾವುದೂ ಇರುವುದಿಲ್ಲ, ‘ಏನೂ ಆಗ್ತಿಲ್ಲಲ್ಲ’ ಅನ್ನೋ ಮಾತು ಲೆಕ್ಕಕ್ಕಿಲ್ಲ.

ಸಿರೋಸಿಸ್ಸಿಗೆ ಸಮೀಪದ ಎಫ್-3 ಹಂತದವರ ಬಗ್ಗೆ ಮಾರ್ಗಸೂಚಿಗಳಲ್ಲೇ ಒಮ್ಮತವಿಲ್ಲ. ಸಕ್ಕರೆ ಕಾಯಿಲೆ, ಕುಡಿತ, ಬೊಜ್ಜು ಇದ್ದರೆ ತಪಾಸಣೆ ಮಾಡಿಸುವುದೇ ಲೇಸು ಅಂತ ನನ್ನ ಅಭಿಪ್ರಾಯ. ಅದಕ್ಕೂ ಮೊದಲಿನ ಹಂತದವರಿಗೆ ಇದರ ಗೋಜು ಬೇಡ.

2018ರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಿಂದ ಗುಳಿಗೆ ಪುಕ್ಕಟೆ ಸಿಗುತ್ತದೆ. ಆದರೆ ಇಂಡಿ, ಸಿಂದಗಿ ಕಡೆಯ ಹಳ್ಳಿಯವರು ಸೋನೋಗ್ರಫಿಗೆ ವಿಜಯಪುರಕ್ಕೆ ಬಂದು ಹೋದರೆ ಒಂದು ದಿನದ ಕೂಲಿ ಖೋತಾ. ಹುಷಾರಾದವರಿಗೆ ಆ ದಿನ ದಂಡ ಅನಿಸುವುದು ಸಹಜ. ಮನೆಯವರೇ ಹಳೆಯ ಫೈಲಿನ ಮೇಲೆ ‘ಸಿರೋಸಿಸ್ ಇತ್ತು’ ಅಂತ ದಪ್ಪಗೆ ಬರೆದು, ಮುಂದಿನ ಸೋನೋಗ್ರಫಿ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ ಇಡ್ರಿ.